ಪಾರ್ಕಿನೊಳಗಿನ ರೂಮಿಗೆ ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ? ಮಾನ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಪ್ರವಾಸೋದ್ಯಮ ಇಲಾಖೆಯ ಮಾನ್ಯ ಸಚಿವರು ಮತ್ತು
ಜಲಸಂಪನ್ಮೂಲ ಇಲಾಖೆಯ ಮಾನ್ಯ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಥೀಮ್ ಪಾರ್ಕ್ ರೆಸಾರ್ಟ್‌ಗಳ ರೂಮು ದರ, ಅಲ್ಲಿ ಉಳಿಯುವವರಿಗೆ ಸಿಗಬೇಕಾದ ಸೌಲಭ್ಯ ಮತ್ತು ಕೆ.ಆರ್.ಎಸ್.ನಲ್ಲಿ ಬರಲಿರುವ ಪಾರ್ಕಿನ ಹೋಟೆಲ್‌ಗಳ ಬಗ್ಗೆ ಮನವಿ.

ಮಾನ್ಯರೇ,

ನಾನು ಮಂಡ್ಯದಲ್ಲಿ ಸಣ್ಣದೊಂದು ಟ್ರಾವೆಲ್ಸ್ ಕಚೇರಿ ನಡೆಸುತ್ತೇನೆ. ಟೆಂಪೊ ಟ್ರಾವೆಲರ್, ಹೋಟೆಲ್ ರೂಮು, ಪಾರ್ಕ್ ಟಿಕೆಟ್, ಶಾಲಾ ಪ್ರವಾಸ, ಇವೇ ನನ್ನ ಕೆಲಸ. ಬೇಸಿಗೆ ರಜೆ, ದಸರಾ ರಜೆ ಹತ್ತಿರ ಬಂದರೆ ಒಂದು ಪ್ರಶ್ನೆ ತಪ್ಪದೇ ಬರುತ್ತದೆ. "ಅಕ್ಕಾ, ಪಾರ್ಕ್ ಒಳಗಿರೋ ರೆಸಾರ್ಟಲ್ಲೇ ಉಳ್ಕೊಂಡ್ರೆ ಹೆಂಗೆ? ಕೊಟ್ಟ ದುಡ್ಡಿಗೆ ಮೋಸ ಇಲ್ಲ ತಾನೇ?" ಕೇಳುವವರು ಮೇಷ್ಟ್ರು, ಸಕ್ಕರೆ ಕಾರ್ಖಾನೆಯ ನೌಕರರು, ರೇಷ್ಮೆ ಬೆಳೆಯುವವರು, ಸಂತೆಪೇಟೆಯಲ್ಲಿ ಅಂಗಡಿ ಇಟ್ಟವರು. ವರ್ಷಕ್ಕೊಂದು ಸಲ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಲು ದುಡ್ಡು ಕೂಡಿಡುವ ಜನ. ಕೆಲವು ವರ್ಷಗಳ ಹಿಂದೆ ನಾನು "ಹೋಗಿ, ಆರಾಮಾಗಿರುತ್ತೆ" ಅನ್ನುತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಅದರ ಕಾರಣಗಳನ್ನು ತಮ್ಮ ಮುಂದೆ ಇಡಬೇಕಿದೆ. ಯಾಕೆಂದರೆ ಅಂಥದ್ದೇ ದೊಡ್ಡ ಪಾರ್ಕೊಂದನ್ನು ನಮ್ಮ ಕೆ.ಆರ್.ಎಸ್. ಪಕ್ಕದಲ್ಲೇ ಮಾಡಲು ಸರ್ಕಾರ ಹೊರಟಿದೆ.

ಮೊದಲು ಗಡಿಯಾರದ ಲೆಕ್ಕ ನೋಡಿ. ನಮ್ಮ ಕಡೆ ಪಾರ್ಕುಗಳು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತೆರೆದು ಸಂಜೆ ಆರರ ಸುಮಾರಿಗೆ ಮುಚ್ಚುತ್ತವೆ. ರೂಮಿನ ಚೆಕ್-ಇನ್ ಮಧ್ಯಾಹ್ನ ಎರಡಕ್ಕೆ, ಚೆಕ್-ಔಟ್ ಮಾರನೇ ದಿನ ಹನ್ನೊಂದಕ್ಕೆ. ಅಂದರೆ ಪಾರ್ಕು ತೆರೆಯುವ ಹೊತ್ತಿಗೆ ರೂಮು ಬಿಡಬೇಕು. ಎರಡು ಗಂಟೆಗೆ ರೂಮಿಗೆ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ ಅರ್ಧ ದಿನದ ಟಿಕೆಟ್ ಹೋಯಿತು. ಎರಡು ದಿನವೂ ಆಡಬೇಕೆಂದರೆ ಎರಡು ದಿನದ ಟಿಕೆಟ್ ಬೇಕು. ಅದೂ ಎರಡನೇ ದಿನ ಬಟ್ಟೆಯ ಚೀಲವನ್ನು ಲಾಕರಿಗೆ ಹಾಕಿ, ಮತ್ತೆ ಒದ್ದೆ ಬಟ್ಟೆಯಲ್ಲೇ ಊರಿಗೆ ಹೊರಡಬೇಕು. ಒಂದು ರಾತ್ರಿಗೆ ದುಡ್ಡು ಕೊಟ್ಟವರು ಆ ರಾತ್ರಿ ಪಾರ್ಕು ಮುಚ್ಚಿರುವಾಗ ಅದರ ಪಕ್ಕದಲ್ಲಿ ಮಲಗಿದ್ದಷ್ಟೇ ಬಂತು.

ಮೊದಲೆಲ್ಲ ದಾರಿ ಉದ್ದವಿತ್ತು, ಹಾಗಾಗಿ ಉಳಿಯುವುದಕ್ಕೆ ಅರ್ಥವಿತ್ತು. ಮದ್ದೂರು, ಚನ್ನಪಟ್ಟಣ, ರಾಮನಗರದ ಟ್ರಾಫಿಕ್ಕಿನಲ್ಲಿ ಸಿಕ್ಕಿ, ವಂಡರ್‌ಲಾ ಪಾರ್ಕ್ ಇರುವ ಬಿಡದಿ ತಲುಪುವಷ್ಟರಲ್ಲಿ ಮಕ್ಕಳು ಸುಸ್ತು. 2023ರ ಮಾರ್ಚ್ 12ರಂದು ನಮ್ಮ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ಲೆಕ್ಕವೇ ಬದಲಾಯಿತು. ಮಂಡ್ಯದವರು ಬೆಳಿಗ್ಗೆ ತಿಂಡಿ ತಿಂದು ಹೊರಟು, ಗೇಟು ತೆರೆಯುವ ಮೊದಲೇ ಬಿಡದಿಯಲ್ಲಿ ನಿಂತು, ರಾತ್ರಿ ಊಟಕ್ಕೆ ಮನೆಗೆ ಬರುತ್ತಾರೆ. ಮೈಸೂರಿನವರಿಗೂ ಇದು ಕಷ್ಟವಲ್ಲ. ದೂರ ಅನ್ನುವ ಕಾರಣ ಹೋದ ಮೇಲೆ ರೂಮು ಬೇರೆ ಏನನ್ನಾದರೂ ಕೊಡಬೇಕಲ್ವಾ? ಅಲ್ಲೇ ತೊಂದರೆ ಇರುವುದು. ದರ ಏರಿದೆ, ಕೊಡುವುದು ಏರಿಲ್ಲ.

ನಾನು ಕಂಡಿದ್ದನ್ನೇ ಹೇಳುತ್ತೇನೆ. ಪಕ್ಕದ ರಾಜ್ಯದ ಒಂದು ಥೀಮ್ ಪಾರ್ಕ್ ರೆಸಾರ್ಟಿಗೆ ನಮ್ಮ ಮನೆಯವರೆಲ್ಲ ಹೋಗಿದ್ದೆವು. ಅದರ ಹೆಸರು ಬರೆಯುವುದಿಲ್ಲ, ಒಬ್ಬರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ನೋಡಿದ ದರ ಒಂದು. ಬುಕಿಂಗ್ ಮಾಡುತ್ತಾ ಹೋದಂತೆ ತೆರಿಗೆ ಸೇರಿತು. ಆಮೇಲೆ ರಜೆ ದಿನಗಳ ಕಡ್ಡಾಯ ಊಟದ ದುಡ್ಡು ಸೇರಿತು. ಅಲ್ಲಿಗೆ ಹೋದ ಮೇಲೆ ನನ್ನ ತಂಗಿಯ ಚಿಕ್ಕ ಮಗನಿಗೆ ಎಕ್ಸ್‌ಟ್ರಾ ಬೆಡ್ ಚಾರ್ಜ್ ಹಾಕಿದರು. ಹಾಸಿಗೆ ಮಾತ್ರ ಬರಲಿಲ್ಲ, ಮಗು ನಮ್ಮ ಜೊತೆಯೇ ಮಲಗಿತು. ಬ್ರೇಕ್‌ಫಾಸ್ಟ್ ಸೇರಿದೆ ಎಂದಿದ್ದರು, ಆದರೆ ಅದು ಒಂದು ರೂಮಿಗೆ ಇಬ್ಬರಿಗೆ ಮಾತ್ರವಂತೆ. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ಅವರಿಗೆಂದು ಮನೆಯಿಂದ ಕಟ್ಟಿಕೊಂಡು ಹೋಗಿದ್ದ ರಾಗಿ ರೊಟ್ಟಿಯನ್ನು ಪಾರ್ಕಿನ ಗೇಟಿನಲ್ಲಿ ಎತ್ತಿಡಿಸಿದರು. ಔಷಧಿ ಚೀಟಿ ತೋರಿಸಿದ ಮೇಲೂ ಮೇಲಿನವರನ್ನು ಕೇಳಬೇಕು ಅಂದರು.

ನನಗೆ ಹೆಚ್ಚು ಬೇಜಾರಾಗಿದ್ದು ಮರುದಿನ ಬೆಳಿಗ್ಗೆ. ರೆಸಾರ್ಟಿನಲ್ಲಿ ಉಳಿದ ನಮಗೂ, ಆಗತಾನೇ ಬಸ್ಸಿನಿಂದ ಇಳಿದವರಿಗೂ ಒಂದೇ ಸಾಲು. ನೀರಿನ ಜಾರುಬಂಡೆಗಳ ಮುಂದೆ ಒಂದೇ ಸಾಲು. "ಇಲ್ಲಿ ಉಳಿದವರಿಗೆ ಏನಾದ್ರೂ ಅನುಕೂಲ ಇದ್ಯಾ?" ಎಂದು ಕೇಳಿದ್ದಕ್ಕೆ "ಬೇಗ ಹೋಗೋ ಪಾಸ್ ಬೇರೆ ತಗೋಬೇಕು ಮೇಡಂ" ಎಂಬ ಉತ್ತರ ಬಂತು. ಕೌಂಟರಿನಲ್ಲಿದ್ದ ಹುಡುಗಿ ನಯವಾಗಿಯೇ ಮಾತಾಡಿದಳು. ರೂಮು ಚೊಕ್ಕವಾಗಿತ್ತು, ಕೆಲಸದ ಹುಡುಗರು ಕರೆದ ತಕ್ಷಣ ಬಂದರು. ನನ್ನ ದೂರು ಅವರ ಮೇಲಲ್ಲ, ದರ ಕಟ್ಟಿದವರ ಮೇಲೆ.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ನಮ್ಮೂರಿನಲ್ಲೂ ಮಕ್ಕಳು ಅಮೆರಿಕದಲ್ಲಿರುವ ಮನೆಗಳು ಬಹಳ. ಅಪ್ಪ ಅಮ್ಮ ಹೋದಾಗ ಫ್ಲೋರಿಡಾದ ಡಿಸ್ನಿ ವರ್ಲ್ಡ್ ನೋಡಬೇಕೆನ್ನುತ್ತಾರೆ, ಆ ಲೆಕ್ಕವನ್ನೂ ನನ್ನ ಮುಂದೆ ತರುತ್ತಾರೆ. ಅಲ್ಲಿ ಡಿಸ್ನಿಯ ಸ್ವಂತ ಹೋಟೆಲಿನಲ್ಲಿ ಉಳಿದವರಿಗೆ ವಿಮಾನ ನಿಲ್ದಾಣದಿಂದ ಬಸ್ಸು ಉಚಿತವಾಗಿತ್ತು. 2005ರಲ್ಲಿ ಶುರುವಾದ ಆ ಬಸ್ಸು 2022ರ ಆರಂಭಕ್ಕೆ ನಿಂತಿತು. ಉದ್ದ ಸಾಲು ತಪ್ಪಿಸುವ ಫಾಸ್ಟ್‌ಪಾಸ್ ಎಲ್ಲರಿಗೂ ಉಚಿತವಿತ್ತು. ಹೋಟೆಲಿನಲ್ಲಿ ಉಳಿದವರು ಅದನ್ನು 60 ದಿನ ಮೊದಲೇ ಕಾಯ್ದಿರಿಸಬಹುದಿತ್ತು, ಹೊರಗಿನವರು 30 ದಿನ. 2021ರಲ್ಲಿ ಅದನ್ನು ನಿಲ್ಲಿಸಿ ದುಡ್ಡಿನ ಪಾಸ್ ತಂದರು. ಈಗ ಹೋಟೆಲಿನವರಿಗೆ ಸಿಗುವುದು ಆ ದುಡ್ಡಿನ ಪಾಸನ್ನು ಹೊರಗಿನವರಿಗಿಂತ ನಾಲ್ಕು ದಿನ ಮೊದಲು ಕೊಳ್ಳುವ ಅವಕಾಶ. ಹೋಟೆಲಿನಲ್ಲಿ ಉಳಿದವರಿಗೆಂದು ಕೆಲವು ರಾತ್ರಿ ಪಾರ್ಕು ತೆರೆದಿಡುತ್ತಿದ್ದರು. ಈಗ ಅದು ದುಬಾರಿ ಹೋಟೆಲುಗಳವರಿಗೆ ಮಾತ್ರ. ಉಳಿದ ಹೋಟೆಲಿನವರಿಗೆ ಬೆಳಿಗ್ಗೆ ಅರ್ಧ ಗಂಟೆ ಮೊದಲು ಪ್ರವೇಶ, ಅಷ್ಟೇ.

ಆದರೂ ಅಲ್ಲಿ ಉಳಿಯುವುದರಲ್ಲಿ ಇನ್ನೂ ಸ್ವಲ್ಪ ಅರ್ಥವಿದೆ ಎಂದು ನನಗೆ ಅನ್ನಿಸುತ್ತದೆ. ಆ ಜಾಗ ಅಷ್ಟು ದೊಡ್ಡದು, ನಾಲ್ಕು ಪಾರ್ಕುಗಳಿವೆ, ರಾತ್ರಿಯವರೆಗೂ ತೆರೆದಿರುತ್ತವೆ. ಮಧ್ಯಾಹ್ನ ರೂಮಿಗೆ ಬಂದು ಮಗುವನ್ನು ಮಲಗಿಸಿ ಸಂಜೆ ಮತ್ತೆ ಹೋಗಬಹುದು. ತೆಗೆದುಕೊಂಡಿದ್ದನ್ನು ವಾಪಸ್ ಕೊಟ್ಟಿದ್ದೂ ಇದೆ. 2018ರಲ್ಲಿ ಹೋಟೆಲ್ ಅತಿಥಿಗಳ ಕಾರಿಗೆ ರಾತ್ರಿ ಪಾರ್ಕಿಂಗ್ ದುಡ್ಡು ಹಾಕಿದ್ದರು, 2023ರ ಜನವರಿಯಲ್ಲಿ ತೆಗೆದರು. 2025ರಲ್ಲಿ ಚೆಕ್-ಇನ್ ದಿನ ವಾಟರ್ ಪಾರ್ಕ್ ಉಚಿತ ಮಾಡಿದರು. ಬಂದ ದಿನ ಸುಮ್ನೆ ಹಾಳಾಗಬಾರದು ಎಂಬುದಕ್ಕೆ ಇದು ಒಳ್ಳೆಯ ಉತ್ತರ. ಅದೇ ಊರಿನ ಯೂನಿವರ್ಸಲ್ ಪಾರ್ಕಿನ ಕ್ರಮ ಇನ್ನೂ ನೇರ. ಅದರ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಹೋಟೆಲುಗಳಲ್ಲಿ ರೂಮು ಮಾಡಿದರೆ ಹಳೆಯ ಎರಡು ಪಾರ್ಕುಗಳಲ್ಲಿ ಸಾಲು ತಪ್ಪಿಸುವ ಪಾಸ್ ರೂಮಿನ ದರದಲ್ಲೇ ಸೇರಿರುತ್ತದೆ. ಬಂದ ದಿನಕ್ಕೂ ಸಿಗುತ್ತದೆ, ಹೊರಡುವ ದಿನಕ್ಕೂ ಸಿಗುತ್ತದೆ. ಒಂದು ರಾತ್ರಿಯ ದುಡ್ಡಿಗೆ ಎರಡು ದಿನದ ಅನುಕೂಲ. ರೂಮು ದುಬಾರಿಯೇ ಇರಲಿ, ಏನು ಸಿಗುತ್ತದೆ ಎಂದು ಮನೆಯ ಯಜಮಾನಿ ಬೆರಳಲ್ಲಿ ಎಣಿಸಿ ಹೇಳಬಹುದು. ನಾನು ಕೇಳುತ್ತಿರುವುದು ಇಷ್ಟನ್ನೇ.

ಇನ್ನು ದರ ತೋರಿಸುವ ರೀತಿ. ಮೊದಲು ಕಡಿಮೆ ತೋರಿಸಿ ಕೊನೆಯ ಹೆಜ್ಜೆಯವರೆಗೆ ಒಂದೊಂದೇ ಚಾರ್ಜ್ ಸೇರಿಸುವುದನ್ನು ನಮ್ಮ ಕೇಂದ್ರ ಸರ್ಕಾರವೇ ತಪ್ಪು ಎಂದಿದೆ. 2023ರ ನವೆಂಬರ್ 30ರಂದು ಬಂದ ಡಾರ್ಕ್ ಪ್ಯಾಟರ್ನ್ (ಆನ್‌ಲೈನಿನಲ್ಲಿ ಗಿರಾಕಿಯನ್ನು ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿಯಲ್ಲಿ 'ಡ್ರಿಪ್ ಪ್ರೈಸಿಂಗ್' ಎಂದು ಇದರ ಹೆಸರೂ ಇದೆ. ಅಮೆರಿಕದಲ್ಲಿ 2025ರ ಮೇ 12ರಿಂದ ಹೋಟೆಲುಗಳು ಕಡ್ಡಾಯ ಚಾರ್ಜುಗಳನ್ನು ಸೇರಿಸಿಯೇ ದರ ತೋರಿಸಬೇಕು. ಬಿಲ್ಲಿನಲ್ಲಿ ತಾನಾಗೇ ಸರ್ವಿಸ್ ಚಾರ್ಜ್ ಹಾಕಬಾರದು ಎಂದು ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತ್ತು. ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ನಿಯಮ ಇದೆ, ರೆಸಾರ್ಟಿನ ಕೌಂಟರಿನಲ್ಲಿ ಅದನ್ನು ನೋಡುವವರಿಲ್ಲ.

ತೆರಿಗೆಯ ಒಂದು ವಿಷಯ ಜನರಿಗೆ ಗೊತ್ತಾಗುವುದೇ ಇಲ್ಲ, ಅದನ್ನೂ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಾದರೆ ಶೇ 18. ರೂಮು 7,500 ಇದ್ದರೆ ತೆರಿಗೆ ಸೇರಿ 7,875. ದಸರಾ ರಜೆಗೆಂದು ರೆಸಾರ್ಟಿನವರು 500 ರೂಪಾಯಿ ಏರಿಸಿ 8,000 ಮಾಡಿದರೆ ಬಿಲ್ಲು 9,440. ಅವರು ಏರಿಸಿದ್ದು 500, ಗಿರಾಕಿ ಜಾಸ್ತಿ ಕೊಟ್ಟಿದ್ದು 1,565. ಮಧ್ಯಮ ವರ್ಗದ ಮನೆಯೊಂದಕ್ಕೆ ಇದು ಸಣ್ಣ ಮೊತ್ತವಲ್ಲ. ಪಾರ್ಕಿನ ಟಿಕೆಟ್ ಮೇಲಿನ ತೆರಿಗೆಯನ್ನು 2018ರ ಜನವರಿಯಲ್ಲಿ ಶೇ 28ರಿಂದ 18ಕ್ಕೆ ಇಳಿಸಿದಾಗ ಎಲ್ಲರಿಗೂ ಖುಷಿಯಾಗಿತ್ತು. ರೂಮಿನ ಈ ಮೆಟ್ಟಿಲಿನ ಬಗ್ಗೆ ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯದ ಪರವಾಗಿ ಮಾತಾಡಲು ತಮ್ಮ ಸರ್ಕಾರಕ್ಕೆ ಅವಕಾಶವಿದೆ. ಅದಾಗುವವರೆಗೆ ತೆರಿಗೆ ಸೇರಿದ ಪೂರ್ತಿ ದರವನ್ನು ಮೊದಲ ಪುಟದಲ್ಲೇ ತೋರಿಸಲಿ.

ಹಾಗಾದರೆ ಪಾರ್ಕಿನ ರೆಸಾರ್ಟಿನಲ್ಲಿ ಉಳಿಯಲೇಬಾರದಾ? ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ಹುಬ್ಬಳ್ಳಿ, ಕಲಬುರಗಿ, ಬೆಳಗಾವಿಯಿಂದ ರಾತ್ರಿ ಬಸ್ಸಿನಲ್ಲಿ ಬರುವವರಿಗೆ ಉಳಿಯುವುದು ಬೇಕೇ ಬೇಕು. ಕೈಗೂಸು ಇರುವವರಿಗೂ ಬೇಕು. ನಮ್ಮ ಅತ್ತೆ ಅಂಥ ಬಿಸಿಲಿನಲ್ಲಿ ಮಧ್ಯಾಹ್ನ ರೂಮಿಗೆ ಹೋಗಿ ಮಲಗಿದ್ದರಿಂದಲೇ ಸಂಜೆ ಮೊಮ್ಮಕ್ಕಳ ಜೊತೆ ಕೂರಲು ಆಯಿತು. ಆ ಎರಡು ಗಂಟೆ ನಿದ್ದೆಗೆ ನಾನು ಕೊಟ್ಟ ದುಡ್ಡಿನ ಬಗ್ಗೆ ನನಗೆ ಬೇಜಾರಿಲ್ಲ. ಆದರೆ ಮಂಡ್ಯ, ಮೈಸೂರು, ರಾಮನಗರದ ಗಟ್ಟಿಮುಟ್ಟಾದ ಮನೆಯವರು ಒಂದು ದಿನದ ಆಟಕ್ಕೆ ಹೋಗುವುದಾದರೆ ಇವತ್ತಿನ ದರದಲ್ಲಿ, ಇವತ್ತಿನ ಸೌಲಭ್ಯದಲ್ಲಿ ಆ ರೂಮು ಬೇಡ. ನನ್ನ ಕಮಿಷನ್ ಹೋದರೂ ನಾನು ಗಿರಾಕಿಗಳಿಗೆ ಇದನ್ನೇ ಹೇಳುತ್ತಿದ್ದೇನೆ.

ಈಗ ಕೆ.ಆರ್.ಎಸ್. ವಿಷಯ. ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು ಮಾಡುತ್ತೇವೆ ಎಂಬ ಮಾತು 2018ರಲ್ಲಿ ಬಂತು. 2024ರಲ್ಲಿ ಬೃಂದಾವನ ಉದ್ಯಾನವನ್ನು ಖಾಸಗಿ ಸಹಭಾಗಿತ್ವದಲ್ಲಿ ಸುಮಾರು 2,663 ಕೋಟಿ ರೂಪಾಯಿ ವೆಚ್ಚದಲ್ಲಿ ಮೇಲ್ದರ್ಜೆಗೆ ಏರಿಸಲು ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ರೈತ ಸಂಘಟನೆಗಳು ವಿರೋಧಿಸಿವೆ, ವಿಷಯ ಹೈಕೋರ್ಟಿಗೂ ಹೋಗಿದೆ. ಅಣೆಕಟ್ಟೆಯ ಸುರಕ್ಷತೆಗಾಗಿ ಅದರ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ಬೇಡ ಎಂದು ಹೈಕೋರ್ಟ್ 2024ರ ಜನವರಿಯಲ್ಲಿ ಹೇಳಿದ ಊರು ಇದು. 2023ರ ಬರದಲ್ಲಿ ತಮಿಳುನಾಡಿಗೆ ನೀರು ಬಿಟ್ಟಿದ್ದನ್ನು ವಿರೋಧಿಸಿ ಮಂಡ್ಯ ಬಂದ್ ಮಾಡಿದ ಜನ ನಾವು. ನೂರಾರು ರೂಮು, ಈಜುಕೊಳ, ನೀರಿನಾಟ ಇವುಗಳಿಗೆ ನೀರು ಎಲ್ಲಿಂದ ಎಂದು ರೈತರು ಕೇಳಿದರೆ ಅದು ಅಭಿವೃದ್ಧಿಗೆ ಅಡ್ಡಗಾಲಲ್ಲ. ಆ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಕೆಲಸ ಶುರುವಾಗಬಾರದು ಎಂಬುದು ನನ್ನ ಅಭಿಪ್ರಾಯವೂ ಹೌದು. ನೀರು, ಅಣೆಕಟ್ಟೆ ಬಲ್ಲವರು ಅದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಬಲ್ಲದ್ದು ರೂಮಿನ ವ್ಯಾಪಾರ, ಅದರ ಬಗ್ಗೆ ಹೇಳುತ್ತೇನೆ.

ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಹೋಟೆಲ್ ಕಟ್ಟಲು ಅವರ ಹತ್ತಿರ ದುಡ್ಡಿರಲಿಲ್ಲ. ಜಾಕ್ ರ‍್ಯಾದರ್ ಎಂಬ ಬೇರೆ ಉದ್ಯಮಿ ಡಿಸ್ನಿಲ್ಯಾಂಡ್ ಹೋಟೆಲ್ ಕಟ್ಟಿದರು. ಡಿಸ್ನಿ ಕಂಪನಿ ಅದನ್ನು ಕೊಂಡಿದ್ದು 1988ರಲ್ಲಿ. ಪಾರ್ಕಿನ ಸುತ್ತ ಬೇರೆಯವರ ಮೋಟೆಲುಗಳು, ಊಟದ ಜಾಗಗಳು ಬೆಳೆದವು. ಇವತ್ತೂ ಗೇಟಿನಿಂದ ನಡೆದೇ ಹೋಗಬಹುದಾದ ಹೊರಗಿನ ಹೋಟೆಲುಗಳು ಅಲ್ಲಿವೆ. ಸುತ್ತಲಿನ ವ್ಯಾಪಾರ ತಮ್ಮ ಕೈತಪ್ಪಿದ್ದು ಡಿಸ್ನಿಗೆ ಹಿಡಿಸಲಿಲ್ಲ. ಅದಕ್ಕೇ ಫ್ಲೋರಿಡಾದಲ್ಲಿ ಸುಮಾರು 27,000 ಎಕರೆ ಜಮೀನನ್ನು ಮೊದಲೇ ಕೊಂಡು, ಡಿಸ್ನಿ ಕಂಪನಿ 1971ರಲ್ಲಿ ಪಾರ್ಕಿನ ಜೊತೆಗೇ ತನ್ನ ಹೋಟೆಲುಗಳನ್ನೂ ತೆರೆಯಿತು. ಅನಾಹೈಮ್‌ನಲ್ಲಿ ಪಾರ್ಕಿನ ದುಡ್ಡು ಊರಿಗೂ ಹರಿಯಿತು. ಫ್ಲೋರಿಡಾದಲ್ಲಿ ಬಂದವರು ಇಳಿದಾಗಿನಿಂದ ಹೊರಡುವವರೆಗೆ ಒಂದೇ ಕಂಪನಿಯ ಬೇಲಿಯೊಳಗೆ ಇರುವಂತೆ ಮಾಡಿದರು.

ಕೆ.ಆರ್.ಎಸ್.ನಲ್ಲಿ ಸರ್ಕಾರ ಯಾವ ದಾರಿ ಹಿಡಿಯುತ್ತದೆ ಎಂಬುದೇ ನನ್ನ ಚಿಂತೆ. ಬೃಂದಾವನಕ್ಕೆ ಬಂದವರು ಶ್ರೀರಂಗಪಟ್ಟಣದ ಲಾಡ್ಜಿನಲ್ಲಿ ಇಳಿಯುತ್ತಾರೆ, ಬೆಳಗೊಳದ ಹೋಟೆಲಿನಲ್ಲಿ ಉಣ್ಣುತ್ತಾರೆ, ರಂಗನತಿಟ್ಟಿಗೆ ಆಟೊ ಮಾಡುತ್ತಾರೆ, ಮೈಸೂರಿಗೆ ಹೋಗಿ ರೇಷ್ಮೆ ಸೀರೆ ಕೊಳ್ಳುತ್ತಾರೆ. ಬೇಲಿಯೊಳಗೇ ಎಲ್ಲವೂ ಆದರೆ ಇವರ ಗತಿ ಏನು? ದಶಪಥ ಬಂದಾಗ ಬೈಪಾಸಿನಿಂದಾಗಿ ಮದ್ದೂರಿನ ವಡೆ ಅಂಗಡಿ, ಚನ್ನಪಟ್ಟಣದ ಗೊಂಬೆ ಅಂಗಡಿಗಳ ಮುಂದೆ ಗಾಡಿಗಳು ಕಡಿಮೆಯಾದವು. ಆ ಅಂಗಡಿಯವರ ಗೋಳನ್ನು ನಾವೆಲ್ಲ ಕೇಳಿದ್ದೇವೆ. ಅದೇ ಪೆಟ್ಟು ಶ್ರೀರಂಗಪಟ್ಟಣಕ್ಕೂ ಬೀಳಬಾರದು.

ಉದ್ಯಾನದ ಪಕ್ಕ ಈಗಾಗಲೇ ಉಳಿಯುವ ಜಾಗಗಳಿವೆ. ಮಹಾರಾಜರ ಕಾಲದ ಕೃಷ್ಣರಾಜಸಾಗರ ಹೋಟೆಲನ್ನು ಖಾಸಗಿಯವರು ನಡೆಸುತ್ತಿದ್ದಾರೆ. ಸರ್ಕಾರದ್ದೇ ಆದ ಮಯೂರ ಕಾವೇರಿ ಇದೆ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ 1927ರಲ್ಲಿ ಶುರುವಾಗಿ 1932ರಲ್ಲಿ ಮುಗಿದ ಈ ಉದ್ಯಾನದ ಚೆಂದ ಇರುವುದೇ ಸಂಜೆ ದೀಪ ಹಚ್ಚಿದ ಮೇಲೆ, ಕಾರಂಜಿ ಕುಣಿಯುವಾಗ. ಹಾಗಾಗಿ ರಾತ್ರಿ ಅಲ್ಲಿ ಉಳಿಯುವುದಕ್ಕೆ ನಿಜವಾದ ಕಾರಣವಿದೆ, ಬೇರೆ ಪಾರ್ಕುಗಳಿಗೆ ಇಲ್ಲದ ಕಾರಣ. ಹೊಸ ರೂಮು ಕಟ್ಟುವ ಮೊದಲು ಈ ರೂಮುಗಳಲ್ಲಿ ಉಳಿದವರಿಗೆ ಏನು ವಿಶೇಷ ಕೊಡಬಹುದು ಎಂದು ನೋಡಿ. ಬೆಳಿಗ್ಗೆ ಜನ ಬರುವ ಮೊದಲು ಉದ್ಯಾನದಲ್ಲಿ ಓಡಾಡಲು ಬಿಡಿ, ಮಾಲಿ ಒಬ್ಬರು ಗಿಡಗಳನ್ನು ತೋರಿಸಲಿ. ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ.

ಆದ್ದರಿಂದ ನನ್ನ ಕೋರಿಕೆಗಳು ಇವು. ರಾಜ್ಯದಲ್ಲಿ ಪಾರ್ಕಿನ ಜೊತೆ ರೂಮು ಕೊಡುವ ಪ್ರತಿಯೊಂದು ರೆಸಾರ್ಟೂ ತೆರಿಗೆ, ಊಟ, ಎಕ್ಸ್‌ಟ್ರಾ ಬೆಡ್ ಎಲ್ಲ ಸೇರಿದ ದರವನ್ನು ಕನ್ನಡದಲ್ಲಿ ಮೊದಲೇ ತೋರಿಸುವಂತೆ ಪ್ರವಾಸೋದ್ಯಮ ಇಲಾಖೆ ಆದೇಶ ಹೊರಡಿಸಲಿ. ರೂಮಿನ ಜೊತೆ ಪಾರ್ಕಿನಲ್ಲಿ ಏನು ಹೆಚ್ಚು ಸಿಗುತ್ತದೆ ಎಂಬುದನ್ನೂ ಬರೆಯಲಿ. ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂದೇ ಬರೆಯಲಿ. ಉಳಿದವರಿಗೆ ಕನಿಷ್ಠ ಅರ್ಧ ಗಂಟೆ ಮೊದಲು ಪ್ರವೇಶ ಇರಲಿ. ಚೆಕ್-ಔಟ್ ಆದ ಮೇಲೂ ಸಂಜೆವರೆಗೆ ಚೀಲ ಇಡಲು, ಸ್ನಾನ ಮಾಡಿ ಬಟ್ಟೆ ಬದಲಿಸಲು ಜಾಗ ಇರಲಿ. ವಯಸ್ಸಾದವರ, ಕಾಯಿಲೆಯವರ, ಕೂಸುಗಳ ಊಟವನ್ನು ಗೇಟಿನಲ್ಲಿ ಯಾರೂ ತಡೆಯಬಾರದು. ಈ ಕೊನೆಯದರಲ್ಲಿ ನಾನು ಚೌಕಾಶಿಗೆ ಸಿದ್ಧಳಿಲ್ಲ.

ಕೆ.ಆರ್.ಎಸ್. ಪಾರ್ಕು ಮುಂದೆ ಆಗುವುದೇ ಆದರೆ, ಒಳಗಿನ ಹೋಟೆಲಿನವರಿಗೆ ಸಿಗುವ ಪ್ರವೇಶದ ಅನುಕೂಲ ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮೈಸೂರಿನ ನೋಂದಾಯಿತ ಲಾಡ್ಜು ಮತ್ತು ಹೋಂಸ್ಟೇಗಳಲ್ಲಿ ಉಳಿದವರಿಗೂ ಸಿಗಬೇಕು ಎಂದು ಕರಾರಿನಲ್ಲೇ ಬರೆಸಿ. ಕಾರಂಜಿ ಮುಗಿದ ಮೇಲೆ ಮೈಸೂರಿಗೂ ಮಂಡ್ಯಕ್ಕೂ ಸಾಕಷ್ಟು ಬಸ್ಸುಗಳನ್ನು ಬಿಡಿಸಿ. ರೂಮು ಮಾಡಲು ಶಕ್ತಿಯಿಲ್ಲದವರೂ ದೀಪ ನೋಡಿಕೊಂಡು ಮನೆ ಸೇರಬೇಕಲ್ಲ. ಸಾಮಾನ್ಯ ಜನ ಈಗ ಕೊಡುವಷ್ಟೇ ಟಿಕೆಟ್ಟಿಗೆ ಉದ್ಯಾನ ನೋಡುವ ಹಕ್ಕು ಹಾಗೇ ಉಳಿಯಬೇಕು.

ಹೋಟೆಲುಗಳ ಬಗ್ಗೆ ಯೋಜನೆಯಲ್ಲಿ ಏನಿದೆ, ಎಷ್ಟು ರೂಮು, ಯಾರದ್ದು, ಎಷ್ಟು ವರ್ಷಕ್ಕೆ, ನೀರು ಎಷ್ಟು ಎಂಬುದನ್ನು ಕನ್ನಡದಲ್ಲಿ ಪ್ರಕಟಿಸಿ ಶ್ರೀರಂಗಪಟ್ಟಣದಲ್ಲೇ ಒಂದು ಸಾರ್ವಜನಿಕ ಸಭೆ ಕರೆಯಬೇಕೆಂದು ಕೇಳಿಕೊಳ್ಳುತ್ತೇನೆ. ರೈತರನ್ನು, ಲಾಡ್ಜಿನವರನ್ನು, ಆಟೊದವರನ್ನು, ನಮ್ಮಂಥ ಟ್ರಾವೆಲ್ಸ್‌ನವರನ್ನು ಕರೆಯಿರಿ. ರಜೆ ದಿನಗಳಲ್ಲಿ ರೂಮಿನ ಬಿಲ್ಲು ಹೇಗೆ ಏರುತ್ತದೆ ಎಂಬ ಲೆಕ್ಕವನ್ನು ನಾನು ತಂದು ತಮ್ಮ ಅಧಿಕಾರಿಗಳ ಮುಂದೆ ಇಡುತ್ತೇನೆ.

ವಂದನೆಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿ,
ಮಂಡ್ಯದ ಒಬ್ಬ ಟ್ರಾವೆಲ್ಸ್ ನಿರ್ವಾಹಕಿ